ಬುಟ್ಟಿಯಲ್ಲಿ ಉಳಿದ ಕಲ್ಲು

ಮಂಗಳವಾರ ಸಂಜೆ ನಾನು ಕರಿಹಲಗೆಯ ಮೇಲೆ ಒಂದು ಪ್ರಮೇಯವನ್ನು ಸಾಧಿಸಿ ತೋರಿಸಿದೆ. ಅದೇ ವಾರದ ಶನಿವಾರ ಆ ಪ್ರಮೇಯ ಸಾಧ್ಯವಿಲ್ಲ ಎಂದ ಯಂತ್ರವನ್ನೇ ಕಟ್ಟಿಕೊಡಲು ಒಪ್ಪಿಕೊಂಡೆ. ನಡುವೆ ಇದ್ದದ್ದು ಮೂರು ದಿನ. ಮೇಷ್ಟ್ರುಗಳ ಮರೆವಿಗೆ ಅಷ್ಟು ಅವಧಿ ಧಾರಾಳವಾಯಿತು.

ಎಪ್ಪತ್ತರ ದಶಕದ ನಡುವಿನ ಮಾತು. ಸೇಲಂನ ಒಂದು ಪಾಲಿಟೆಕ್ನಿಕ್‌ನಲ್ಲಿ ಸಂಜೆಯ ತರಗತಿಗೆ ನಾನು ಸ್ವಿಚ್ಚು, ರಿಲೇಗಳ ಪಾಠ ಹೇಳುತ್ತಿದ್ದೆ. ಅದಕ್ಕೆ ಅಂಟಿಕೊಂಡಂತೆ ಹೊಸದಾಗಿ ಬಂದಿದ್ದ ಒಂದು ಅಧ್ಯಾಯವಿತ್ತು: ಯಂತ್ರವೊಂದು ಏನನ್ನು ಲೆಕ್ಕ ಹಾಕಬಲ್ಲದು, ಏನನ್ನು ಹಾಕಲಾರದು ಎಂಬ ವಿಚಾರ. ಎದುರಿಗೆ ಕೂರುತ್ತಿದ್ದವರು ಹಗಲೆಲ್ಲ ಗಿರಣಿಯಲ್ಲಿ ದುಡಿದು ಬಂದ ಫಿಟ್ಟರುಗಳು. ಅವರನ್ನು ಎಚ್ಚರವಾಗಿಡುವುದೇ ಒಂದು ಶಾಸ್ತ್ರ.

ಪ್ರಮೇಯ ಸರಳವಾದದ್ದು. ಒಂದು ಯಂತ್ರಕ್ಕೆ ಎರಡೇ ಅಕ್ಷರ ಓದಲು ಬರುತ್ತದೆ, ‘ಅ’ ಮತ್ತು ‘ಬ’. ಮೊದಲು ಒಂದಷ್ಟು ‘ಅ’ ಬರುತ್ತವೆ, ಆಮೇಲೆ ಒಂದಷ್ಟು ‘ಬ’. ಎರಡೂ ಸಮನಾದರೆ ಮಾತ್ರ ಯಂತ್ರ ಹಸಿರು ದೀಪ ಹಚ್ಚಬೇಕು. ಯಂತ್ರಕ್ಕೆ ಇರುವ ಸ್ಥಿತಿಗಳು, ಅಂದರೆ ಅದು ನಿಲ್ಲಬಹುದಾದ ಜಾಗಗಳು, ಇಂತಿಷ್ಟೇ ಎಂದಾದರೆ ಈ ಕೆಲಸ ಅದರಿಂದ ಆಗುವುದಿಲ್ಲ. ಇಪ್ಪತ್ತೈದು ಗೂಟಕ್ಕೆ ಇಪ್ಪತ್ತಾರು ಅಂಗಿ ನೇತುಹಾಕಿದರೆ ಯಾವುದೋ ಒಂದು ಗೂಟಕ್ಕೆ ಎರಡು ಅಂಗಿ ಬೀಳುತ್ತವೆ. ಹಾಗೆಯೇ ಎರಡು ಬೇರೆ ಬೇರೆ ಎಣಿಕೆಗಳು ಯಂತ್ರವನ್ನು ಒಂದೇ ಸ್ಥಿತಿಗೆ ತಂದು ನಿಲ್ಲಿಸುತ್ತವೆ. ಅಲ್ಲಿಂದ ಮುಂದೆ ಅದಕ್ಕೆ ಆ ಎರಡರ ಭೇದ ಗೊತ್ತಿರುವುದಿಲ್ಲ. ಅದಕ್ಕೆ ಹಿಂದಿನದು ಯಾವುದೂ ನೆನಪಿಲ್ಲ. ತಾನು ಈಗ ಎಲ್ಲಿ ನಿಂತಿದ್ದೇನೆ ಎಂಬುದಷ್ಟೇ ಗೊತ್ತು.

ಹಿಂದಿನ ಬೆಂಚಿನ ಫಿಟ್ಟರೊಬ್ಬ ಆಕಳಿಸುತ್ತ ಕೇಳಿದ: “ಸಾರ್, ಮಿಷಿನ್ನ ಇನ್ನೂ ದೊಡ್ಡದು ಮಾಡ್ಬುಟ್ರೆ?”

“ಎಷ್ಟು ದೊಡ್ಡದು ಬೇಕಾದ್ರೂ ಮಾಡು. ನಾನು ಅದಕ್ಕಿಂತ ಒಂದು ‘ಅ’ ಜಾಸ್ತಿ ಆಕ್ತೀನಿ.”

ತರಗತಿ ನಕ್ಕಿತು. ನಾನೂ ನಕ್ಕೆ. ಆ ಒಂದು ಹೆಚ್ಚಿನ ‘ಅ’ವನ್ನು ನಾನು ಹಾಕಬೇಕಾಗಿ ಬರಲಿಲ್ಲ.

ಶನಿವಾರ ಧರ್ಮಪುರಿ ಕಡೆಯ ಒಂದು ಕಲ್ಲುಗಣಿಯಿಂದ ಕರೆ ಬಂತು. ಬಸ್ಸಿಳಿದು ಎರಡು ಮೈಲಿ ನಡೆದೆ. ಗಣಿಯೆಂದರೆ ನೆಲದಲ್ಲಿ ತೋಡಿದ ದೊಡ್ಡ ಹೊಂಡ. ಇಳಿಯಲು, ಹತ್ತಲು ಒಂದೇ ಇಳಿಜಾರು ದಾರಿ. ದಿನವೂ ಮಧ್ಯಾಹ್ನ ಊಟದ ಹೊತ್ತಿಗೆ ಸೀಟಿ ಊದಿ, ಎಲ್ಲರೂ ಮೇಲೆ ಬಂದ ನಂತರ ಮೂರು ಸಲ ಸೈರನ್ನು ಕೂಗಿಸಿ, ಬಂಡೆಗೆ ಇಟ್ಟ ಮದ್ದನ್ನು ಸಿಡಿಸುತ್ತಿದ್ದರು. ಸಿಡಿಸುವ ಮೇಸ್ತ್ರಿ ಕೂರುತ್ತಿದ್ದದ್ದು ಹೊಂಡದ ಆಚೆ ದಡದಲ್ಲಿ, ಒಂದು ಕಲ್ಲುಗೂಡಿನೊಳಗೆ. ಅಲ್ಲಿಂದ ಇಳಿಜಾರಿನ ಬಾಯಿ ಕಾಣಿಸುವುದಿಲ್ಲ. ಹಾಗಾಗಿ ಎಲ್ಲರೂ ಹೊರಗೆ ಬಂದರೋ ಇಲ್ಲವೋ ಎಂದು ಅವನಿಗೆ ಯಾರಾದರೂ ತಿಳಿಸಬೇಕು.

ತಿಳಿಸುತ್ತಿದ್ದದ್ದು ಒಂದು ಬುಟ್ಟಿ.

ಅಲ್ಲಿ ಕಲ್ಲು ಒಡೆಯುವವರು ಹೆಚ್ಚಾಗಿ ಕುರಿ ಸಾಕುವ ಕನ್ನಡದ ಮನೆಗಳವರು. ಬೆಳಿಗ್ಗೆ ಹಟ್ಟಿಯಿಂದ ಒಂದೊಂದು ಕುರಿ ಹೊರಬಿದ್ದಂತೆ ಚೀಲಕ್ಕೆ ಒಂದೊಂದು ಕಲ್ಲು, ಸಂಜೆ ಒಂದೊಂದು ಒಳಗೆ ಬಂದಂತೆ ಒಂದೊಂದು ಕಲ್ಲು ಹೊರಗೆ. ಚೀಲದಲ್ಲಿ ಕಲ್ಲು ಉಳಿದರೆ ಹುಡುಕಿಕೊಂಡು ಹೊರಡಬೇಕು. ಇದನ್ನೇ ಅವರು ಗಣಿಗೂ ತಂದಿದ್ದರು. ಇಳಿಯುವಾಗ ಪ್ರತಿಯೊಬ್ಬರೂ ದಾರಿಯ ಬದಿಯಿಂದ ಒಂದು ಕಲ್ಲು ಆರಿಸಿ ಬುಟ್ಟಿಗೆ ಹಾಕುವುದು, ಹತ್ತಿ ಬಂದಾಗ ಒಂದನ್ನು ತೆಗೆದು ಎಸೆಯುವುದು. ಬುಟ್ಟಿ ಕಾಯಲು ಒಬ್ಬ ಮುದುಕಿ. ಬುಟ್ಟಿ ಖಾಲಿಯಾದ ಮೇಲೆ ಅವಳು ಒಂದು ಬಿದಿರ ಗಳುವಿಗೆ ಕೆಂಪು ಬಟ್ಟೆ ಏರಿಸುತ್ತಿದ್ದಳು. ಅದು ಕಲ್ಲುಗೂಡಿಗೆ ಕಾಣುತ್ತಿತ್ತು.

ಮ್ಯಾನೇಜರಿಗೆ ಇದು ಮಾನ ಹೋಗುವ ಸಂಗತಿಯಾಗಿತ್ತು. ಅವರು ತಮಿಳಿನಲ್ಲಿ ಹೇಳಿದ್ದರ ಸಾರಾಂಶ: ಮನುಷ್ಯ ಚಂದ್ರನ ಮೇಲೆ ಇಳಿದು ಬಂದಾಯಿತು, ನಮ್ಮಲ್ಲಿ ಇನ್ನೂ ಕುರಿ ಲೆಕ್ಕ. ತಪಾಸಣೆಗೆ ದೊಡ್ಡವರು ಬಂದರೆ ಮುದುಕಿಯನ್ನೂ ಬುಟ್ಟಿಯನ್ನೂ ಎಲ್ಲಿ ಬಚ್ಚಿಡುವುದು?

ನಾನು ಗಂಭೀರವಾಗಿ ತಲೆಯಾಡಿಸಿದೆ. ವಿಜ್ಞಾನದ ಪ್ರತಿನಿಧಿಯಾಗಿ ಹೋದವನು ಇನ್ನೇನು ಮಾಡಬೇಕು?

ಸೇಲಂನ ಗುಜರಿ ಅಂಗಡಿಯಲ್ಲಿ ಹಳೆಯ ಟೆಲಿಫೋನು ಎಕ್ಸ್‌ಚೇಂಜಿನಿಂದ ಬಂದ ಸ್ಟೆಪ್ಪಿಂಗ್ ಸ್ವಿಚ್ಚುಗಳಿದ್ದವು. ಒಂದೊಂದು ಸಲ ಕರೆಂಟು ತಟ್ಟಿದಾಗಲೂ ಅದರ ಮುಳ್ಳು ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಒಟ್ಟು ಇಪ್ಪತ್ತೈದು ಮನೆ. ಇಪ್ಪತ್ತೈದನೆಯ ಹೆಜ್ಜೆಗೆ ಸುತ್ತು ಮುಗಿದು ಮುಳ್ಳು ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ. ನಾಲ್ಕು ಸಿಕ್ಕವು. ಎರಡು ತುಕ್ಕು ತಿಂದಿದ್ದವು, ಎರಡು ಬದುಕಿದ್ದವು.

ಇಳಿಜಾರಿನ ಬಾಯಿಯಲ್ಲಿ ಒಬ್ಬೊಬ್ಬರಾಗಿ ತಿರುಗಿಸಿಕೊಂಡು ದಾಟುವ ಎರಡು ಕಬ್ಬಿಣದ ಗೇಟು ಇಟ್ಟೆ, ಒಳಗೆ ಹೋಗಲು ಒಂದು, ಹೊರಗೆ ಬರಲು ಒಂದು. ಒಳಗೇಟು ತಿರುಗಿದಾಗಲೆಲ್ಲ ಮೊದಲನೆಯ ಸ್ವಿಚ್ಚು ಒಂದು ಹೆಜ್ಜೆ, ಹೊರಗೇಟು ತಿರುಗಿದಾಗ ಎರಡನೆಯದು ಒಂದು ಹೆಜ್ಜೆ. ಎರಡೂ ಮುಳ್ಳುಗಳು ಒಂದೇ ಅಂಕಿಯ ಮನೆಯಲ್ಲಿ ನಿಂತರೆ ಮಾತ್ರ ಕರೆಂಟು ಹರಿದು ಕಲ್ಲುಗೂಡಿನಲ್ಲಿ ಹಸಿರು ದೀಪ ಹತ್ತುತ್ತದೆ. ಜೊತೆಗೆ ಸಿಡಿಸುವ ಪೆಟ್ಟಿಗೆಯ ಕೀಲಿ ಕೈಗೆ ಬಿಡುಗಡೆಯಾಗುತ್ತದೆ. ಹೋದವರು ಎಷ್ಟೋ, ಬಂದವರು ಅಷ್ಟೇ. ‘ಅ’ ಎಷ್ಟೋ, ‘ಬ’ ಅಷ್ಟೇ.

ಇಪ್ಪತ್ತೈದೇ ಮನೆ ಎಂಬುದು ನನ್ನ ಗಮನಕ್ಕೆ ಬರದೆ ಇರಲಿಲ್ಲ. ಮ್ಯಾನೇಜರನ್ನು ಕೇಳಿದೆ. ಒಂದು ಹೊತ್ತಿಗೆ ಇಪ್ಪತ್ತೆರಡು ಜನರ ಮೇಲೆ ಎಂದೂ ಇಳಿಯುವುದಿಲ್ಲ ಎಂದರು. ಬರೆದು ಕೊಡಿ ಎಂದೆ. ಕೊಟ್ಟರು. ಆ ಕಾಗದವನ್ನು ನೋಟುಬುಕ್ಕಿಗೆ ಅಂಟಿಸಿ, ನನ್ನ ಆತ್ಮಸಾಕ್ಷಿಯನ್ನೂ ಅದರ ಜೊತೆಗೇ ಅಂಟಿಸಿಬಿಟ್ಟೆ.

ಮುದುಕಿ ಸ್ವಿಚ್ಚನ್ನು ಬಗ್ಗಿ ನೋಡಿದಳು. ಅವಳಿಗೆ ಈಗ ಗೇಟು ಕಾಯುವ ಕೆಲಸ ಕೊಟ್ಟಿದ್ದರು. ಆ ಸೀಮೆಯಲ್ಲಿ ಮೇಷ್ಟ್ರೆಂದರೆ ‘ವಾತ್ಯಾರು’.

“ವಾತ್ಯಾರೇ, ಇದ್ರಲ್ಲಿ ಎಷ್ಟು ಕಲ್ಲು ಇಡಿಸ್ತೈತೆ?”

“ಇಪ್ಪತ್ತೈದು ಮನೆ ಐತವ್ವಾ.”

“ಆಮ್ಯಾಕೆ?”

“ಆಮೇಲೆ ಇಲ್ಲ. ಅಷ್ಟು ಜನ ಬರಾಕಿಲ್ಲ.”

“ಬಂದ್ರೆ?”

“ಮ್ಯಾನೇಜರ್ ಬರ‍್ದು ಕೊಟ್ಟವ್ರೆ.”

“ಓ, ಬರ‍್ದು ಕೊಟ್ಟವ್ರಾ,” ಎಂದು ಅವಳು ಸೆರಗು ಕೊಡವಿ ಎದ್ದಳು. “ಅಂಗಾರೆ ಬುಡು. ಕುರಿಗೊಳ್ಗೆ ಯಾರೂ ಬರ‍್ದು ಕೊಡಾಕಿಲ್ಲ, ಅದ್ಕೇ ನಾವು ಎಣುಸ್ತೀವಿ.”

ನನ್ನ ವೃತ್ತಿಜೀವನದಲ್ಲಿ ಯಾವ ಪರೀಕ್ಷಕರೂ ಅಷ್ಟು ಚುರುಕಾಗಿ ನೇರ ಪ್ರಮೇಯದ ಹೃದಯಕ್ಕೆ ಕೈ ಹಾಕಿದ್ದಿಲ್ಲ. ಅವಳಿಗೆ ಅಂಕ ಕೊಡುವ ಅಧಿಕಾರ ನನಗಿತ್ತು; ಬುದ್ಧಿ ಇರಲಿಲ್ಲ.

ಮೊದಲ ತಿಂಗಳು ಒಂದೇ ತೊಂದರೆ. ಗೇಟು ಅದುರಿದಾಗ ಮುಳ್ಳು ನಡುಗಿ ದೀಪ ಮಿಣುಕುತ್ತಿತ್ತು, ಕೀಲಿ ಅರ್ಧ ಬಂದು ಸಿಕ್ಕಿಕೊಳ್ಳುತ್ತಿತ್ತು. ಸಿಡಿಸುವ ಮೇಸ್ತ್ರಿ ಮಿತಭಾಷಿ, ಇಪ್ಪತ್ತು ವರ್ಷದಿಂದ ಮದ್ದಿನ ಜೊತೆ ಬದುಕಿದವನು. ನನ್ನನ್ನು ಕರೆಸಿ ದೂರಿದ:

“ಪಚ್ಚೆ ಕಣ್ ಒಡೀತೈತೆ ಸಾರ್, ಸಂತೇಲಿ ಪೋಲಿ ನನ್ಮಗ ಒಡ್ದಂಗೆ. ನಂಬಾದೆಂಗೆ?”

ನಾನು ಒಂದು ಹಿಡಿತದ ರಿಲೇ ಸೇರಿಸಿದೆ. ಮೇಸ್ತ್ರಿ ತಂತಿ ಜೋಡಿಸಿ ‘ತಯಾರು’ ಗುಂಡಿ ಒತ್ತಿದ ಮೇಲೆ, ಎರಡು ಮುಳ್ಳೂ ಒಂದು ಸಲ ಸಮನಾದರೆ ಸಾಕು, ದೀಪ ಹತ್ತಿ ಹತ್ತಿದಂತೆಯೇ ನಿಲ್ಲುತ್ತದೆ, ಕೀಲಿ ಪೂರ್ತಿ ಬರುತ್ತದೆ. ಆಮೇಲೆ ಮುಳ್ಳು ಎಲ್ಲಿಗೆ ಹೋದರೂ ಅದಕ್ಕೆ ಲೆಕ್ಕವಿಲ್ಲ. ಮೇಸ್ತ್ರಿಗೆ ಸಮಾಧಾನವಾಯಿತು. ಕೆಂಪು ಬಟ್ಟೆಯ ಗಳುವನ್ನು ಕಿತ್ತರು. ಬುಟ್ಟಿಯನ್ನು ಮುದುಕಿ ಮನೆಗೆ ಒಯ್ದಳು.

ಐದು ತಿಂಗಳು ಯಂತ್ರ ನಡೆಯಿತು. ಮ್ಯಾನೇಜರು ಅದನ್ನು ಬಂದವರಿಗೆಲ್ಲ ತೋರಿಸಿದರು.

ಆರನೆಯ ತಿಂಗಳ ಒಂದು ಬೆಳಿಗ್ಗೆ, ಪಕ್ಕದ ಹೊಂಡದಲ್ಲಿ ಪಂಪು ಕೆಟ್ಟು ನೀರು ನಿಂತಿತು. ಅಲ್ಲಿನ ಒಂಬತ್ತು ಜನರನ್ನು ಸುಮ್ಮನೆ ಕೂರಿಸುವುದೇಕೆ ಎಂದು ಈ ಹೊಂಡಕ್ಕೆ ಕಳುಹಿಸಿದರು. ಇಪ್ಪತ್ತೆರಡು, ಒಂಬತ್ತು. ಮೂವತ್ತೊಂದು ಜನ ಇಳಿದರು.

ಮಧ್ಯಾಹ್ನ ಸೀಟಿ ಊದಿದರು. ಮೇಸ್ತ್ರಿ ಗುಂಡಿ ಒತ್ತಿ ಕಾದು ಕೂತ. ಜನ ಒಬ್ಬೊಬ್ಬರಾಗಿ ಹೊರಗೇಟು ದಾಟತೊಡಗಿದರು. ಆಮೇಲೆ ಸೈರನ್ನು ಕೂಗಿತು. ಒಂದು ಸಲ, ಎರಡು ಸಲ. ಕೆಳಗಿದ್ದವರು ಓಡಿ ಬಂದು ಗೇಟಿನ ಮೇಲೆ ಬಿದ್ದರು. ಗೇಟು ಒಬ್ಬೊಬ್ಬರಿಗಷ್ಟೇ ತಿರುಗುತ್ತದೆ. ಅದನ್ನು ಹಾಗೆ ಮಾಡಿಸಿದವನು ನಾನು. ಕೆಲವರು ಗೋಡೆ ಹಾರಿದರು. ಮುದುಕಿ ದಡದ ಮೇಲೆ ಓಡುತ್ತ ಸೆರಗು ಬೀಸಿದಳು. ಆ ಕಡೆಯಿಂದ ಯಾರೂ ನೋಡುತ್ತಿರಲಿಲ್ಲ. ನೋಡಬೇಕಾದ ಅಗತ್ಯವನ್ನೂ ನಾನೇ ತೆಗೆದುಹಾಕಿದ್ದೆ. ಮೂರನೆಯ ಸಲ ಕೂಗಿದ ಮೇಲೆ ಬಂಡೆ ಸಿಡಿಯಿತು.

ನಾಲ್ವರಿಗೆ ಪೆಟ್ಟಾಯಿತು. ಒಬ್ಬ ಸತ್ತ. ಪಕ್ಕದ ಹೊಂಡದಿಂದ ಬಂದವನು. ಈ ಹೊಂಡದಲ್ಲಿ ಅವನಿಗೆ ಅದು ಮೊದಲ ದಿನ. ಯಂತ್ರ ಅವನನ್ನು ಐದು ತಿಂಗಳ ಮೊದಲೇ ಲೆಕ್ಕದಿಂದ ಬಿಟ್ಟಿತ್ತು.

ನನಗೆ ಸುದ್ದಿ ಬಂದದ್ದು ಮೂರನೆಯ ದಿನ, ಮ್ಯಾನೇಜರ ಜೀಪಿನಲ್ಲಿ, ಒಂದು ಟೈಪು ಮಾಡಿದ ಕಾಗದದ ಜೊತೆ. ಅದರಲ್ಲಿ ಒಂದೇ ವಾಕ್ಯ: ಘಟನೆಯ ದಿನ ಯಂತ್ರವು ಅದರ ವಿನ್ಯಾಸದಂತೆ ಸರಿಯಾಗಿ ಕೆಲಸ ಮಾಡುತ್ತಿತ್ತು. ಕೆಳಗೆ ನನ್ನ ಸಹಿಗೆ ಜಾಗ. ಮೇಸ್ತ್ರಿ ದೀಪ ಹತ್ತುವ ಮೊದಲೇ ಕೀಲಿಯನ್ನು ಬಲವಂತವಾಗಿ ಕಿತ್ತುಕೊಂಡು ಸಿಡಿಸಿದ್ದಾನೆ ಎಂದು ಅವರು ತೀರ್ಮಾನಿಸಿದ್ದರು. ಅವನ ಪರವಾನಗಿ ಆಗಲೇ ಕಿತ್ತುಕೊಂಡಾಗಿತ್ತು. ವಿಚಾರಣೆ ಮುಗಿದರೆ ಜೈಲು.

“ನೀವು ಕಟ್ಟಿದ್ದು ಸರಿಯಾಗಿತ್ತು ಅಂತ ನೀವೇ ಹೇಳೋಕೆ ಏನು ಕಷ್ಟ ಸಾರ್?” ಎಂದರು ಮ್ಯಾನೇಜರು, ಮೃದುವಾಗಿಯೇ.

ಗಣಿ ನೋಡಿ ಬಂದು ಸಹಿ ಮಾಡುತ್ತೇನೆ ಎಂದೆ.

ಮೊದಲು ಮೇಸ್ತ್ರಿಯ ಊರಿಗೆ ಹೋದೆ. ಕುರಿಹಟ್ಟಿಯ ಮೋಟುಗೋಡೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಏಳಲಿಲ್ಲ.

“ವಾತ್ಯಾರೇ, ಪಚ್ಚೆ ಬಂತು. ಕೀಲಿ ತಾನಾಗೇ ಕೈಗೆ ಬಂತು. ಎಲ್ರೂ ಏಳ್ತಾವ್ರೆ, ಬಾರದ ಪಚ್ಚೆನ ನೀ ಕಂಡೆ ಅಂತ. ಮೂರು ದಿನದಿಂದ ಕೇಳಿ ಕೇಳಿ ಈಗ ನಂಗೇ ಅನ್ಮಾನ. ಕಣ್ಮುಚ್ಚಿದ್ರೆ ಒಂದ್ಸಲ ಬಂದಂಗೆ ಕಾಣ್ತದೆ, ಒಂದ್ಸಲ ಬರ‍್ದೇ ಇದ್ದಂಗೆ. ನೀವ್ ಓದಿದೋರು. ನಿಮ್ ಮಿಷಿನ್ನು ಸುಳ್ಳು ಏಳ್ತದಾ?”

“ಇಲ್ಲ,” ಎಂದೆ. ಆ ಗಳಿಗೆಯಲ್ಲಿ ನಾನು ಅದನ್ನು ನಂಬಿದ್ದೆ.

“ಅಂಗಾರೆ ನನ್ ಕಣ್ಣೇ ಸುಳ್ಳು,” ಎಂದು ಅವನು ಕುರಿಗಳ ಕಡೆ ತಿರುಗಿದ.

ಗಣಿಯಲ್ಲಿ ಸ್ವಿಚ್ಚಿನ ಪೆಟ್ಟಿಗೆ ತೆರೆದು ನೋಡಿದೆ. ತಂತಿ ಕಿತ್ತಿರಲಿಲ್ಲ, ರಿಲೇ ಸುಟ್ಟಿರಲಿಲ್ಲ. ಕೀಲಿಯ ಬೀಗದಲ್ಲಿ ಬಲವಂತದ ಗುರುತೂ ಇರಲಿಲ್ಲ. ಒಂದು ಗಂಟೆ ಹುಡುಕಿದೆ. ಎಲ್ಲವೂ ವಿನ್ಯಾಸದಂತೆಯೇ ಇತ್ತು. ಆ ಕಾಗದದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪೆನ್ನು ತೆಗೆಯುವುದೊಂದೇ ಬಾಕಿ.

ಗೇಟಿನ ಬಳಿ ಮುದುಕಿ ಕೂತಿದ್ದಳು. ಸೈರನ್ನು ಯಾವಾಗ ಕೂಗಿತು ಎಂದು ಕೇಳಿದೆ.

“ಆರು ಜನ ಈಚೆಗೆ ಬಂದ್ರು. ಏಳ್ನೇಯೋನು ಗೇಟು ಇಡ್ಕಂಡಿದ್ದ. ಆಗ ಕೂಗ್ತು.”

“ಆರೇನಾ? ಸರಿಯಾಗಿ ಎಣಿಸಿದ್ದೀಯಾ?”

“ಎಣಿಸಾದ್ ಬುಟ್ರೆ ನಂಗೇನ್ ಗೊತ್ತಪ್ಪಾ? ಬೆಳಿಗ್ಗೆ ಇಳ್ದೋರು ಮೂವತ್ತೊಂದು.”

ಮೂವತ್ತೊಂದು ಜನ ಒಳಗೆ: ಮೊದಲ ಮುಳ್ಳು ಒಂದು ಸುತ್ತು ಮುಗಿಸಿ ಆರನೆಯ ಮನೆಯಲ್ಲಿ. ಆರು ಜನ ಹೊರಗೆ: ಎರಡನೆಯ ಮುಳ್ಳು ಆರನೆಯ ಮನೆಯಲ್ಲಿ. ಸಮ. ಹೊಂಡದಲ್ಲಿ ಇಪ್ಪತ್ತೈದು ಜನ ಉಳಿದಿದ್ದಾಗ ಯಂತ್ರ ಯಾರೂ ಇಲ್ಲ ಎಂದಿತು, ಏಕೆಂದರೆ ಅದಕ್ಕೆ ಇಪ್ಪತ್ತೈದೂ ಸೊನ್ನೆಯೂ ಒಂದೇ ಗೂಟದ ಅಂಗಿಗಳು. ನಾನು ಸೇರಿಸಿದ ಹಿಡಿತದ ರಿಲೇ ಆ ಒಂದು ಗಳಿಗೆಯ ಸಮವನ್ನು ಭದ್ರವಾಗಿ ಹಿಡಿದುಕೊಂಡಿತು. ಏಳನೆಯವನು ಗೇಟು ತಿರುಗಿಸುವ ಹೊತ್ತಿಗೆ ಕೀಲಿ ಮೇಸ್ತ್ರಿಯ ಕೈಯಲ್ಲಿತ್ತು.

ನಾನು ಅಲ್ಲೇ ಗೇಟಿಗೆ ಒರಗಿ ಕೂತೆ. ಮುದುಕಿ ಒಂದು ಲೋಟ ನೀರು ಕೊಟ್ಟಳು. ಆಮೇಲೆ ಸೊಂಟದ ಚೀಲದಿಂದ ಒಂದು ಕಲ್ಲು ತೆಗೆದು ತೋರಿಸಿದಳು.

“ಸತ್ತೋನ ಪಂಚೆ ಮಡಿಕೇಲಿತ್ತು. ಆ ಹೊಂಡದಾಗೆ ಇನ್ನೂ ಬುಟ್ಟಿ ಐತಲ್ಲ. ಬೆಳಿಗ್ಗೆ ಕಲ್ಲು ಆರುಸ್ಕಂಡು ಬಂದು ‘ಎಲ್ಲಿಗಾಕ್ಲಿ ಅವ್ವಾ’ ಅಂದ. ‘ಇಲ್ಲಿ ಬುಟ್ಟಿ ಇಲ್ಲ ಕಣ್ಲಾ, ಮಿಷಿನ್ನೈತೆ, ಓಗು’ ಅಂದೆ. ಎಸೆಯಕ್ಕೆ ಮನಸ್ಸಾಗ್ನಿಲ್ಲೇನೋ.”

ಟೈಪು ಮಾಡಿದ ಕಾಗದವನ್ನು ಸಹಿ ಇಲ್ಲದೆ ವಾಪಸು ಕೊಟ್ಟೆ.

ವಿಚಾರಣೆ ಗಣಿಯಲ್ಲೇ ನಡೆಯಿತು. ವಿಚಾರಣೆಯ ಅಧಿಕಾರಿಗೆ ನಾನು ಕೇಳಿಕೊಂಡದ್ದು ಒಂದೇ: ಒಳಗೇಟು ಮೂವತ್ತೊಂದು ಸಲ, ಹೊರಗೇಟು ಆರು ಸಲ ತಿರುಗಿಸಿ ನೋಡೋಣ. ಮ್ಯಾನೇಜರು ಆಕ್ಷೇಪಿಸಿದರು, ಅಧಿಕಾರಿ ಒಪ್ಪಿದರು. ಸಿಡಿಸುವ ಪೆಟ್ಟಿಗೆಯನ್ನೂ ಗುಂಡಿಯನ್ನೂ ಗೇಟಿನ ಬಳಿಗೇ ತಂದಿಟ್ಟು, ಒಂದು ದೀಪದ ತಂತಿ ಎಳೆದೆವು. ಮೇಸ್ತ್ರಿ ಇಬ್ಬರು ಪೊಲೀಸರ ನಡುವೆ ನಿಂತಿದ್ದ. ಗೇಟುಗಳನ್ನು ತಿರುಗಿಸಿದರು.

ದೀಪ ಹತ್ತಲಿಲ್ಲ.

ಮೇಸ್ತ್ರಿ ಒಮ್ಮೆ ದೀಪ ನೋಡಿದ, ಒಮ್ಮೆ ನನ್ನನ್ನು ನೋಡಿದ. ತನ್ನ ಕಣ್ಣು ಸುಳ್ಳೆಂದು ಅವನು ಅಲ್ಲಿ ಒಪ್ಪಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ಸ್ವಿಚ್ಚಿನ ಪೆಟ್ಟಿಗೆ ತೆರೆದೆ. ಸಿಡಿತದ ಕಲ್ಲುಪುಡಿ ಮುಳ್ಳುಗಳ ಮೇಲೆ ಬಿಳಿಯಾಗಿ ಕೂತಿತ್ತು. ಒರೆಸಬೇಕು ಎಂದೆ. ಈತ ಯಂತ್ರವನ್ನು ತನಗೆ ಬೇಕಾದ ಹಾಗೆ ತಿದ್ದುತ್ತಾನೆ ಎಂದು ಮ್ಯಾನೇಜರು ಎದ್ದು ನಿಂತರು. ನ್ಯಾಯವಾದ ಮಾತೇ. ಕೊನೆಗೆ ಅಧಿಕಾರಿ ತಮ್ಮ ಕರವಸ್ತ್ರವನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ನಾನು ದೂರದಿಂದ ತೋರಿಸಿದ ಕಡೆ ತಾವೇ ಒರೆಸಿದರು. ಮುಳ್ಳುಗಳನ್ನು ಸೊನ್ನೆಗೆ ತಂದರು.

“ಈ ಸಲ ಲೆಕ್ಕ ಯಾರು ಇಟ್ಕೊಳ್ತೀರಿ?” ಎಂದು ತಮಿಳಿನಲ್ಲಿ ಕೇಳಿದರು.

ಮುದುಕಿ ಆಗಲೇ ಬುಟ್ಟಿ ತಂದಿಟ್ಟಿದ್ದಳು.

ಒಳಗೇಟು ಒಂದೊಂದು ಸಲ ತಿರುಗಿದಾಗಲೂ ಅವಳು ಒಂದೊಂದು ಕಲ್ಲು ಹಾಕಿದಳು. ಇಪ್ಪತ್ತೈದನೆಯದಕ್ಕೆ ದೀಪ ಒಮ್ಮೆ ಹತ್ತಿ, ಇಪ್ಪತ್ತಾರನೆಯದಕ್ಕೆ ಆರಿತು. ಗುಂಡಿ ಇನ್ನೂ ಒತ್ತಿರಲಿಲ್ಲ. ಘಟನೆಯ ದಿನ ಬೆಳಿಗ್ಗೆಯೂ ಅದು ಹೀಗೆಯೇ ಹತ್ತಿರಬೇಕು, ಯಾರೂ ಇಲ್ಲದ ಕಲ್ಲುಗೂಡಿನಲ್ಲಿ. ಮೂವತ್ತೊಂದು ಮುಗಿಯಿತು. ಗುಂಡಿ ಒತ್ತಿದರು. ಹೊರಗೇಟು ತಿರುಗಿತು. ಒಂದು ಕಲ್ಲು ಹೊರಗೆ, ಎರಡು, ಮೂರು. ಆರನೆಯದನ್ನು ಅವಳು ಎಸೆದಾಗ ದೀಪ ಹಸಿರಾಗಿ ಹತ್ತಿತು, ನಿಂತಿತು. ಕೀಲಿ ಕಟಕ್ಕೆಂದು ಸಡಿಲವಾಯಿತು.

ಅಧಿಕಾರಿ ದೀಪ ನೋಡಿದರು. ಆಮೇಲೆ ಬಗ್ಗಿ ಬುಟ್ಟಿ ನೋಡಿದರು. ದೀಪ ಯಾರೂ ಇಲ್ಲ ಎನ್ನುತ್ತಿತ್ತು. ಬುಟ್ಟಿಯಲ್ಲಿ ಇಪ್ಪತ್ತೈದು ಕಲ್ಲು.

ಪ್ರಮೇಯವನ್ನು ಅದಕ್ಕಿಂತ ಚೆನ್ನಾಗಿ ಯಾರೂ ಸಾಧಿಸಿಲ್ಲ. ಬುಟ್ಟಿಗೂ ಮಿತಿ ಇದೆ, ಯಾರಾದರೂ ಕೇಳಬಹುದು. ಇದೆ. ಆದರೆ ತುಂಬಿದ ಬುಟ್ಟಿ ತಾನು ಖಾಲಿ ಎಂದು ಹೇಳುವುದಿಲ್ಲ.

ಇದು ನನಗೆ ಮೊದಲೇ ಗೊತ್ತಿತ್ತೇ ಎಂದು ಅಧಿಕಾರಿ ಕೇಳಿದರು. ಗೊತ್ತಿತ್ತು, ಅದನ್ನೇ ಪಾಠ ಮಾಡುತ್ತೇನೆ ಎಂದೆ. ಅವರು ಅದನ್ನು ಬರೆದುಕೊಂಡರು. ಆ ವಾಕ್ಯದ ಕೆಳಗೆ ಸಹಿ ಹಾಕಿದೆ. ಪಾಲಿಟೆಕ್ನಿಕ್ಕಿನವರು ಸಂಜೆ ತರಗತಿಯಿಂದ ನನ್ನನ್ನು ಒಂದು ವರ್ಷ ಬಿಡಿಸಿದರು. ಸತ್ತವನ ಮುಂದೆ ಒಂದು ವರ್ಷ ಯಾವ ಲೆಕ್ಕ?

ಮೇಸ್ತ್ರಿಯ ಮೇಲಿನ ಆರೋಪ ಬಿತ್ತು, ಪರವಾನಗಿ ವಾಪಸು ಬಂತು. ಅವನು ಅದನ್ನು ಮುಟ್ಟಲಿಲ್ಲ. ಸಿಡಿಸಲು ಬೇರೆಯವನು ಬಂದ. ಇವನು ಸುತ್ತಿಗೆ ಹಿಡಿದು ಹೊಂಡಕ್ಕಿಳಿದು ಕಲ್ಲು ಒಡೆಯುವವರ ಜೊತೆ ಸೇರಿಕೊಂಡ.

ಎರಡು ತಿಂಗಳ ನಂತರ ಯಂತ್ರವನ್ನು ಬಿಚ್ಚಿ ಒಯ್ಯಲು ಹೋದೆ. ಕೆಂಪು ಬಟ್ಟೆಯ ಗಳು ಮತ್ತೆ ನಿಂತಿತ್ತು. ಹೊಂಡದೊಳಗೆ ಹಾಯಿಸಿದ್ದ ತಂತಿಯನ್ನು ಸುತ್ತಿಕೊಳ್ಳಲು ಇಳಿಯಬೇಕಾಗಿತ್ತು. ಮುದುಕಿ ಬುಟ್ಟಿ ತೋರಿಸಿದಳು. ನಾನೂ ಒಂದು ಕಲ್ಲು ಆರಿಸಿ ಹಾಕಿದೆ. ಕೆಳಗೆ ಮೇಸ್ತ್ರಿ ಸುತ್ತಿಗೆ ನಿಲ್ಲಿಸಿ ತಂತಿಯ ಇನ್ನೊಂದು ತುದಿ ಹಿಡಿದುಕೊಟ್ಟ. ಕೆಲಸ ಮುಗಿದ ಮೇಲೆ, ಸುತ್ತಿದ ತಂತಿ ಹೆಗಲಿಗೆ ಹಾಕಿಕೊಂಡು, ಮೇಲೆ ಹತ್ತಿ, ಯಾರ ಮುಖವನ್ನೂ ನೋಡದೆ ಬಸ್ಸಿನ ದಾರಿ ಹಿಡಿದೆ.

ಸೀಟಿ ಊದಿದ್ದು ಹಿಂದೆ ಕೇಳಿಸಿತು. ಸೈರನ್ನಿಗಾಗಿ ಕಿವಿ ಕಾಯುತ್ತಿತ್ತು. ಒಂದು ಮೈಲಿ ನಡೆದೆ. ಕೂಗಲಿಲ್ಲ. ತಿರುಗಿ ನೋಡಿದೆ. ಗಳುವಿನ ಮೇಲೆ ಬಟ್ಟೆ ಏರಿರಲಿಲ್ಲ. ದಾರಿಯಲ್ಲಿ ಮೇಸ್ತ್ರಿ ಏದುಸಿರು ಬಿಡುತ್ತ ಓಡಿ ಬರುತ್ತಿದ್ದ.

“ವಾತ್ಯಾರೇ, ನಿಲ್ರೀ! ಬುಟ್ಟೀಲಿ ಒಂದು ಉಳ್ಕಂಡೈತೆ. ಎಲ್ರುನೂ ನಿಲ್ಲಿಸಿ ನೋಡಿದ್ವಿ. ನಿಮ್ದೇಯಾ.”

“ನಾನು ಈಚೆಗೆ ಬಂದದ್ದನ್ನ ನೀನೇ ನೋಡಿದೆಯಲ್ಲೋ. ನೀನೇ ಒಂದು ತೆಗೆದು ಎಸೆಯಬಹುದಿತ್ತು.”

“ನೋಡ್ದೆ,” ಎಂದ. “ನನ್ ಕಣ್ಣು ನೋಡಿದ್ದು ಸಾಲಾಕಿಲ್ಲ ಸಾರ್. ನೀವೇ ಬಂದು ತೆಗೀಬೇಕು.”

ಒಂದು ಮೈಲಿ ವಾಪಸು ನಡೆದೆವು. ಇಪ್ಪತ್ತೆರಡು ಜನ ಊಟದ ಡಬ್ಬಿ ಬಿಚ್ಚದೆ ದಡದಲ್ಲಿ ನಿಂತು ನನಗಾಗಿ ಕಾಯುತ್ತಿದ್ದರು. ಯಾರೂ ಬೈಯಲಿಲ್ಲ. ಬುಟ್ಟಿಗೆ ಕೈ ಹಾಕಿ ನನ್ನ ಕಲ್ಲು ತೆಗೆದೆ. ಮುದುಕಿ ಬುಟ್ಟಿಯನ್ನು ಬೋರಲು ಹಾಕಿ ತಳಕ್ಕೆ ಎರಡು ಸಲ ತಟ್ಟಿ, ಗಳುವಿನ ಕಡೆ ನಡೆದಳು.